ಕಂಪ್ಯೂಟರ್ ಕಾಲದಲ್ಲಿ ಕೀಲಿ ಗಡಿಯಾರ ಕಟ್ಟಿ ಕಡಲಿಗಿಳಿಯುವವರಿಗೆ

ಬೆಳಗಾವಿಗೆ ಸಮುದ್ರವಿಲ್ಲ, ಆದರೆ ಸಮುದ್ರ ದೂರವೂ ಅಲ್ಲ. ಚೋರ್ಲಾ ಘಾಟ್ ಇಳಿದರೆ ಗೋವಾ, ಅಲ್ಲಿಂದ ದೋಣಿ ಹತ್ತಿದರೆ ಗ್ರಾಂಡೆ ದ್ವೀಪ. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ, ಕರಾವಳಿ ಹಿಡಿದು ದಕ್ಷಿಣಕ್ಕೆ ಹೋದರೆ ಮುರುಡೇಶ್ವರ, ಅದರ ಎದುರಿನ ಕಡಲಲ್ಲಿ ನೇತ್ರಾಣಿ ದ್ವೀಪ. ಬಾಗಲಕೋಟೆ, ವಿಜಯಪುರದವರಿಗೆ ಈ ಎರಡನೆಯ ದಾರಿಯೇ ಹತ್ತಿರ. ಹೀಗೆ ಹೋಗಿ ಸ್ಕೂಬಾ, ಅಂದರೆ ಬೆನ್ನಿನ ಸಿಲಿಂಡರಿನ ಗಾಳಿ ಉಸಿರಾಡುತ್ತ ನೀರಿನಾಳಕ್ಕೆ ಇಳಿಯುವುದನ್ನು, ಕಲಿತು ಬಂದ ಹುಡುಗ ಹುಡುಗಿಯರು ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಹೈಡ್ರಾಲಿಕ್ ಸಿಲಿಂಡರ್ ಶೆಡ್ಡಿಗೆ ಬಂದಾಗ ನನ್ನ ಕೈಗಡಿಯಾರ ನೋಡಿ, "ಡೈವ್ ಕಂಪ್ಯೂಟರ್ ಇರುವಾಗ ಇದು ಯಾಕೆ ಕಾಕಾ?" ಎಂದು ಕೇಳುತ್ತಾರೆ. ಡೈವ್ ಕಂಪ್ಯೂಟರ್ ಎಂದರೆ ನೀರಿನಲ್ಲಿ ಆಳ, ಸಮಯ ಲೆಕ್ಕ ಹಾಕುವ, ಕೈಗೆ ಕಟ್ಟುವ ಪುಟ್ಟ ಎಲೆಕ್ಟ್ರಾನಿಕ್ ಯಂತ್ರ. ಯಾಕೆ ಎಂಬುದಕ್ಕೆ ಉತ್ತರ ಚಿಕ್ಕದು. ಹೇಗೆ ಎಂಬುದನ್ನು ಸರಿಯಾಗಿ ಕಲಿಯದಿದ್ದರೆ ಆ ಉತ್ತರಕ್ಕೆ ಬೆಲೆಯಿಲ್ಲ. ಆದ್ದರಿಂದ ಇಲ್ಲಿ ಹೇಗೆ ಎಂಬುದನ್ನೇ ಹೆಚ್ಚು ಬರೆದಿದ್ದೇನೆ.

ಕೊಳ್ಳುವುದಾದರೆ ಮೊದಲು ಕಂಪ್ಯೂಟರ್

ಕೈಯಲ್ಲಿರುವ ಹಣ ಒಂದಕ್ಕೇ ಸಾಕಾಗುವಂತಿದ್ದರೆ ಕಂಪ್ಯೂಟರ್ ಕೊಳ್ಳಿ. ಇದರಲ್ಲಿ ಎರಡನೇ ಮಾತಿಲ್ಲ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಸುಮಾರು ಒಂದು ಬಾರ್, ಅಂದರೆ ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟು, ಏರುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ಮೈಯ ಅಂಗಾಂಶಗಳಲ್ಲಿ ಕರಗಿ ಕೂರುತ್ತದೆ. ಗಡಿಬಿಡಿಯಲ್ಲಿ ಮೇಲೆ ಬಂದರೆ ಅದು ಮೈಯೊಳಗೇ ಅಪಾಯದ ಗುಳ್ಳೆಯಾಗುತ್ತದೆ. ಕಂಪ್ಯೂಟರ್ ಕೆಲವೇ ಸೆಕೆಂಡಿಗೊಮ್ಮೆ ಆಳ ಅಳೆದು, ಎಷ್ಟು ಸಾರಜನಕ ಕೂತಿದೆ ಎಂದು ಲೆಕ್ಕ ಹಾಕುತ್ತಲೇ ಇರುತ್ತದೆ. ಇಂದಿನ ಬಹಳಷ್ಟು ಯಂತ್ರಗಳು ಸ್ವಿಸ್ ವೈದ್ಯ ಆಲ್ಬರ್ಟ್ ಬ್ಯೂಲ್ಮನ್ ರೂಪಿಸಿದ ಗಣಿತವನ್ನೇ ಬಳಸುತ್ತವೆ. ಗಡಿಯಾರಕ್ಕೆ ಆಳವೇ ಗೊತ್ತಿಲ್ಲ. ಇಳಿದು ಎಷ್ಟು ನಿಮಿಷವಾಯಿತು ಎಂಬ ಒಂದೇ ಸಂಗತಿ ಅದಕ್ಕೆ ಗೊತ್ತು.

ಆದರೆ ಆ ಒಂದು ಸಂಗತಿಯ ಮೇಲೆಯೇ ಮೂರು ದಶಕಗಳ ಕಾಲ ಡೈವರ್‌ಗಳು ಬದುಕಿ ಬಂದಿದ್ದಾರೆ. ಬ್ಲಾಂಕ್‌ಪೇನ್ ಕಂಪನಿಯ ಫಿಫ್ಟಿ ಫ್ಯಾದಮ್ಸ್ ಮತ್ತು ರೋಲೆಕ್ಸ್‌ನ ಸಬ್‌ಮರೀನರ್ ಎರಡೂ 1953ರವು. ಸೈಕೋದ ಮೊದಲ ಡೈವ್ ಗಡಿಯಾರ ಬಂದದ್ದು 1965ರಲ್ಲಿ. ಮಾರುಕಟ್ಟೆಯಲ್ಲಿ ನೆಲೆ ನಿಂತ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಓರ್ಕಾ ಎಡ್ಜ್ ಬಂದದ್ದು 1983ರಲ್ಲಿ. ಅಲ್ಲಿಯವರೆಗೆ ಕೈಯಲ್ಲಿ ಗಡಿಯಾರ, ಆಳದ ಮಾಪಕ, ಯಾವ ಆಳದಲ್ಲಿ ಎಷ್ಟು ನಿಮಿಷ ಇರಬಹುದು ಎಂದು ಹೇಳುವ, ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚಾದ ಕೋಷ್ಟಕ, ಇವಿಷ್ಟೇ ಇದ್ದವು.

ಇಂದು ಗಡಿಯಾರ ಕಟ್ಟಲು ನನ್ನ ಕಾರಣ ಒಂದೇ. ಕಂಪ್ಯೂಟರ್ ಯಾವ ಕಾರಣಕ್ಕೆ ಕೈಕೊಡುತ್ತದೆಯೋ ಆ ಕಾರಣಕ್ಕೆ ಗಡಿಯಾರ ಕೈಕೊಡುವುದಿಲ್ಲ. ಬ್ಯಾಟರಿ ಸತ್ತರೆ, ಪರದೆ ಆರಿಹೋದರೆ, ಒಳಗಿನ ತಂತ್ರಾಂಶ ಸಿಕ್ಕಿಹಾಕಿಕೊಂಡರೆ ಸ್ಪ್ರಿಂಗಿನಿಂದ ಓಡುವ ಯಂತ್ರಕ್ಕೆ ಏನೂ ಆಗುವುದಿಲ್ಲ. ಎರಡನೆಯ ಕಂಪ್ಯೂಟರ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದೇ. ಅದನ್ನು ಕೊಂಡವರೂ ಗಡಿಯಾರ ಬಿಚ್ಚಿಡಬೇಕಿಲ್ಲ.

ಮುಖದ ಮೇಲಿನ ಅಕ್ಷರ ಓದಿ

ಡಯಲ್ ಮೇಲೆ "30 ಮೀಟರ್" ಎಂದಿದ್ದರೆ ಅದು ಮಳೆಗೆ, ಕೈ ತೊಳೆಯುವುದಕ್ಕೆ ಮಾತ್ರ. 50 ಇದ್ದರೆ ಈಜಬಹುದು. ಸ್ಕೂಬಾಕ್ಕೆ ಬೇಕಾದದ್ದು "ಡೈವರ್ಸ್ 200 ಮೀ" ಎಂಬ ಬರಹ. ಆ "ಡೈವರ್ಸ್" ಪದ ಅಲಂಕಾರಕ್ಕೆ ಇರುವುದಲ್ಲ, ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡದ ಗುರುತು. ಸಾಮಾನ್ಯ ಜಲನಿರೋಧಕ ಗಡಿಯಾರಗಳಲ್ಲಿ ಕೆಲವು ಮಾದರಿಗಳನ್ನಷ್ಟೇ ಆರಿಸಿ ಪರೀಕ್ಷಿಸಿದರೂ ನಡೆಯುತ್ತದೆ. ಈ ಮಾನದಂಡದಲ್ಲಿ ಮಾತ್ರ ಪ್ರತಿಯೊಂದು ಗಡಿಯಾರವೂ ನೀರಿನ ಪರೀಕ್ಷೆಗೆ ಒಳಗಾಗಬೇಕು, ಅದೂ ಬರೆದ ಆಳಕ್ಕಿಂತ ಶೇ. 25ರಷ್ಟು ಹೆಚ್ಚು ಒತ್ತಡದಲ್ಲಿ. ಕತ್ತಲಲ್ಲಿ 25 ಸೆಂ.ಮೀ. ದೂರದಿಂದ ಸಮಯ ಕಾಣಬೇಕು. ಗಡಿಯಾರ ಓಡುತ್ತಿದೆ ಎಂಬುದೂ ಕತ್ತಲಲ್ಲಿ ತಿಳಿಯಬೇಕು. ಸೆಕೆಂಡಿನ ಮುಳ್ಳಿಗೆ ಹೊಳೆಯುವ ಚುಕ್ಕೆ ಇರುವುದು ಅದಕ್ಕೇ.

ಪೇಟೆಯಲ್ಲಿ ಸಿಗುವ ಫಸ್ಟ್ ಕಾಪಿ ಗಡಿಯಾರಗಳ ಮೇಲೂ 200, 300 ಎಂದು ಬರೆದಿರುತ್ತದೆ. ಅವನ್ನು ನಂಬಿ ನೀರಿಗಿಳಿಯಬೇಡಿ. ಅಜ್ಜನ ಎಚ್‌ಎಂಟಿ ಜನತಾ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಅದನ್ನು ಮನೆಯಲ್ಲೇ ಬಿಡಿ. ಕೇಸಿನ ಬದಿಯಲ್ಲಿ ಹೀಲಿಯಂ ಕವಾಟ ಇದೆಯೇ ಎಂದು ಹುಡುಕುತ್ತ ಹೆಚ್ಚಿನ ಹಣ ಕೊಡಬೇಡಿ. ಹೀಲಿಯಂ ತುಂಬಿದ ಕೋಣೆಗಳಲ್ಲಿ ದಿನಗಟ್ಟಲೆ ವಾಸಿಸುವ ವೃತ್ತಿಪರ ಡೈವರ್‌ಗಳಿಗೆ ಮಾತ್ರ ಅದು ಬೇಕು.

ಉಂಗುರದ ಕೆಲಸ

ಬೆಳಗಾವಿಯಲ್ಲಿ ಹೈಡ್ರಾಲಿಕ್ ಸಿಲಿಂಡರ್ ಕೆಲಸದಲ್ಲಿ ಕೈ ಪಳಗಿದವರಿಗೆ ಇದನ್ನು ವಿವರಿಸಬೇಕಿಲ್ಲ. ಉಕ್ಕು ಎಷ್ಟೇ ದಪ್ಪವಿರಲಿ, ಸೋರಿಕೆ ತಡೆಯುವುದು ತೋಡಿನಲ್ಲಿ ಕೂತ ರಬ್ಬರ್ ಉಂಗುರ. ಡೈವ್ ಗಡಿಯಾರದಲ್ಲಿ ಇಂಥ ಉಂಗುರಗಳು ಮೂರು ಕಡೆ ಇರುತ್ತವೆ: ಹಿಂಬದಿಯ ಮುಚ್ಚಳದಲ್ಲಿ, ಕೀಲಿ ಕೊಡುವ ಕ್ರೌನ್‌ನಲ್ಲಿ, ಗಾಜಿನ ಸುತ್ತ. ನಮ್ಮ ಸಿಲಿಂಡರ್‌ಗಳ ಓ-ರಿಂಗ್‌ಗಳಂತೆ ಇವೂ ಬಹುತೇಕ ನೈಟ್ರೈಲ್ ರಬ್ಬರ್. ಬಿಸಿಲು, ಬೆವರು, ಸೋಪು, ವಯಸ್ಸು, ಇವೆಲ್ಲ ಸೇರಿ ಅದನ್ನು ಗಡುಸಾಗಿಸುತ್ತವೆ. ಹೊಸ ಉಂಗುರ ಅಡ್ಡಲಾಗಿ ನೋಡಿದರೆ ದುಂಡಗಿರುತ್ತದೆ, ಉಗುರಿನಿಂದ ಒತ್ತಿದರೆ ಮೇಲೇಳುತ್ತದೆ. ವರ್ಷಗಟ್ಟಲೆ ಅದುಮಿಕೊಂಡಿದ್ದ ಉಂಗುರ ಒಂದು ಕಡೆ ಚಪ್ಪಟೆಯಾಗಿರುತ್ತದೆ, ಬಗ್ಗಿಸಿದರೆ ಕೂದಲೆಳೆಯ ಬಿರುಕು ಕಾಣುತ್ತದೆ. ಅದು ಆಳದಲ್ಲಿ ಸೋರುವುದಕ್ಕಿಂತ ಮೊದಲು ಮೇಲ್ಮೈಯಲ್ಲೇ ಸೋರುತ್ತದೆ. ಕಡಿಮೆ ಒತ್ತಡದಲ್ಲಿ ಉಂಗುರವನ್ನು ತೋಡಿಗೆ ಒತ್ತಿ ಕೂರಿಸುವ ಬಲವೂ ಕಡಿಮೆ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ಡೈವ್ ದೋಣಿಗಳು ಹೊರಡುವ ಮುನ್ನ, ಒತ್ತಡದ ಪರೀಕ್ಷೆ ಮಾಡಿಸಿ. ಖಡೇಬಜಾರಿನಲ್ಲಾಗಲಿ ನಿಮ್ಮೂರ ಪೇಟೆಯಲ್ಲಾಗಲಿ ವಾಚು ರಿಪೇರಿಯವರ ಬಳಿ ಹೋದಾಗ ನೇರವಾಗಿ ಕೇಳಿ: "ಪ್ರೆಶರ್ ಟೆಸ್ಟ್ ಯಂತ್ರ ಇದೆಯೇ? ಎಷ್ಟು ಬಾರ್‌ವರೆಗೆ ನೋಡುತ್ತದೆ?" ಗಾಳಿಯ ಯಂತ್ರವಾದರೆ ಗಡಿಯಾರದ ಕೇಸು ಒತ್ತಡಕ್ಕೆ ಎಷ್ಟು ಕುಗ್ಗುತ್ತದೆ, ಕುಗ್ಗಿದ್ದು ಹಾಗೆಯೇ ನಿಲ್ಲುತ್ತದೆಯೇ ಎಂದು ಅಳೆಯುತ್ತದೆ. ನೀರು ತಾಗದ ಈ ವಿಧಾನವೇ ಮೊದಲು ಆಗಬೇಕು. ಯಂತ್ರವಿಲ್ಲದ ಕಡೆ ಮುಚ್ಚಳ ತೆಗೆಸಲೇಬೇಡಿ, ಕಂಪನಿಯ ಸೇವಾ ಕೇಂದ್ರಕ್ಕೆ ಕಳಿಸಿ. ಮುಚ್ಚಳ ತೆರೆದಾಗಲೆಲ್ಲ ಉಂಗುರ ಹೊಸದಾಗಬೇಕು, ಸಿಲಿಕೋನ್ ಗ್ರೀಸಿನ ತೆಳುವಾದ ಲೇಪವಾಗಬೇಕು. ಹೊಳಪು ಕಾಣುವಷ್ಟು ಸಾಕು, ಮುದ್ದೆಯಾಗಿ ಮೆತ್ತಿದರೆ ಧೂಳು ಹಿಡಿಯುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಮಾನದಂಡದಲ್ಲೂ ಇದೇ ಇದೆ. ಪಾತ್ರೆಯಲ್ಲಿ ಬೆಚ್ಚಗಿನ ನೀರು ಹಾಕಿ ಸ್ಟೀಲ್ ತಟ್ಟೆ ಮುಚ್ಚಿ. ತಟ್ಟೆ ಕೈಗೆ ಹಿತವಾಗುವಷ್ಟು, ಅಂದರೆ 40ರಿಂದ 45 ಡಿಗ್ರಿ ಬಿಸಿಯಾದ ಮೇಲೆ ಗಡಿಯಾರವನ್ನು ಅದರ ಮೇಲೆ ಅಂಗಾತ ಇಟ್ಟು ಕಾಯಿಸಿ. ಗಾಜಿನ ನಡುವೆ ತಣ್ಣೀರಿನ ಒಂದು ಹನಿ ಬಿಟ್ಟು, ಒಂದು ನಿಮಿಷದ ನಂತರ ಒಣ ಬಟ್ಟೆಯಿಂದ ಒರೆಸಿ. ಹನಿ ಇದ್ದ ಜಾಗದಲ್ಲಿ ಗಾಜಿನ ಒಳಮೈಗೆ ಮಂಜು ಕಟ್ಟಿದ್ದರೆ ಒಳಗೆ ತೇವ ಸೇರಿದೆ ಎಂದರ್ಥ. ಮಂಜಿಲ್ಲದಿದ್ದರೆ ಇದುವರೆಗೆ ನೀರು ಹೋಗಿಲ್ಲ ಎಂದಷ್ಟೇ ತಿಳಿಯಿರಿ. ಮುಂದೆ ಹೋಗುವುದಿಲ್ಲ ಎಂಬ ಭರವಸೆಯನ್ನು ಒತ್ತಡದ ಪರೀಕ್ಷೆಯೇ ಕೊಡಬೇಕು.

ನೀರಿನಲ್ಲಿ ಕೈ ಬೀಸಿದರೆ ಒತ್ತಡ ವಿಪರೀತ ಏರುತ್ತದೆ ಎಂದು ಹೆದರಿಸುವವರಿದ್ದಾರೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೈ ಬೀಸಿದರೂ ಸೇರುವುದು ಸುಮಾರು 1.3 ಮೀಟರ್ ಆಳದಷ್ಟು ಒತ್ತಡ. ನಿಜವಾಗಿ ಹೆದರಬೇಕಾದದ್ದು ಬಿಸಿಗೆ. ಏಪ್ರಿಲ್ ಮಧ್ಯಾಹ್ನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕಾದ ಗಡಿಯಾರವನ್ನು ಕಟ್ಟಿಕೊಂಡು ಬಾವಿಗೆ ಹಾರಿದರೆ, ಉಂಗುರ ಮೊದಲೇ ಗಡುಸಾಗಿದ್ದ ಪಕ್ಷದಲ್ಲಿ ಅದು ಅಲ್ಲೇ ಸೋಲುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಬಾವಿಯಲ್ಲೇ ಈಜು ಕಲಿತವರಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ. ಗಡಿಯಾರ ನೆರಳಿನಲ್ಲಿ ಆರಲಿ, ಆಮೇಲೆ ನೀರು.

ಕ್ರೌನ್ ಮುಚ್ಚುವುದನ್ನು ಕೈಗೆ ರೂಢಿ ಮಾಡಿಸಿ. ಒಳಕ್ಕೆ ಒತ್ತಿ ಹಿಡಿದು, ಮೊದಲು ಹಿಮ್ಮುಖವಾಗಿ ನಿಧಾನ ತಿರುಗಿಸಿ. ಸ್ಕ್ರೂವಿನ ಎಳೆಗೆ ಎಳೆ ಸೇರುವ ಜಾಗದಲ್ಲಿ ಬೆರಳಿಗೆ ಸಣ್ಣದೊಂದು ಇಳಿತ ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಬೆರಳ ಬಲಕ್ಕೆ ನಿಂತಲ್ಲಿಗೆ ಬಿಡಿ. ಲೇಥ್ ಮೇಲೆ ಕೆಲಸ ಮಾಡಿದವರು ಇದನ್ನು ಕೇಳದೆಯೇ ಮಾಡುತ್ತಾರೆ. ಎಳೆ ತಪ್ಪಿಸಿ ಬಲವಂತವಾಗಿ ಬಿಗಿದ ಕ್ರೌನ್ ಮುಚ್ಚಿದಂತೆ ಕಂಡರೂ ಮುಚ್ಚಿರುವುದಿಲ್ಲ.

ಪಟ್ಟಿ

ಚರ್ಮದ ಪಟ್ಟಿ ಬೇಡ. ಮೂರು ಮಿ.ಮೀ. ದಪ್ಪದ ವೆಟ್‌ಸೂಟಿನ (ಡೈವರ್‌ಗಳು ತೊಡುವ ರಬ್ಬರ್ ಉಡುಪು) ತೋಳಿನ ಮೇಲೆ ಕಟ್ಟುವಷ್ಟು ಉದ್ದದ ರಬ್ಬರ್ ಪಟ್ಟಿ ಅಥವಾ ನೈಲಾನ್‌ನ ನೇಟೋ ಪಟ್ಟಿ ತೆಗೆದುಕೊಳ್ಳಿ. ಆಳಕ್ಕೆ ಹೋದಂತೆ ವೆಟ್‌ಸೂಟ್ ಕುಗ್ಗಿ ಪಟ್ಟಿ ಸಡಿಲಾಗುತ್ತದೆ, ಮೇಲ್ಮೈಯಲ್ಲಿ ತುಸು ಬಿಗಿಯೆನಿಸಿದರೆ ಸರಿ. ನೇಟೋ ಪಟ್ಟಿ ಒಂದೇ ತುಂಡಾಗಿ ಎರಡೂ ಪಿನ್ನುಗಳ ಕೆಳಗೆ ಹಾಯುವುದರಿಂದ ಒಂದು ಪಿನ್ನು ಮುರಿದರೂ ಗಡಿಯಾರ ಕೈಯಲ್ಲೇ ಉಳಿಯುತ್ತದೆ. ನನಗೆ ಅದೇ ಇಷ್ಟ. ಕಂಪ್ಯೂಟರ್ ಒಂದು ಕೈಗೆ, ಗಡಿಯಾರ ಇನ್ನೊಂದಕ್ಕೆ.

ಮೊದಲು ನೆಲದ ಮೇಲೆ

ಗಾಜಿನ ಸುತ್ತ ತಿರುಗುವ ಬಳೆಗೆ ಬೆಜೆಲ್ ಎನ್ನುತ್ತಾರೆ. ಅದರ ಮೇಲೊಂದು ತ್ರಿಕೋನ, ಅಲ್ಲಿಂದ 60 ನಿಮಿಷದ ಗುರುತು. ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರು ತಂದು ನಿಲ್ಲಿಸಿ. ಆಮೇಲೆ ಮುಳ್ಳು ಬೆಜೆಲ್‌ನ ಯಾವ ಗುರುತಿನ ಎದುರಿದೆಯೋ ಅಷ್ಟು ನಿಮಿಷ ಕಳೆದಿದೆ. ಬೆಜೆಲ್ ಅಪ್ರದಕ್ಷಿಣವಾಗಿ ಮಾತ್ರ ತಿರುಗುತ್ತದೆ. ಬಂಡೆಗೆ ತಾಗಿ ಅದು ಸರಿದರೂ ಕಳೆದ ಸಮಯ ಇದ್ದದ್ದಕ್ಕಿಂತ ಹೆಚ್ಚಾಗಿಯೇ ಕಾಣುತ್ತದೆ, ಕಡಿಮೆಯಾಗಿ ಎಂದೂ ಕಾಣುವುದಿಲ್ಲ. ನೀವು ಬೇಗ ಮೇಲೆ ಬರುತ್ತೀರಿ, ತಡವಾಗಿ ಬರುವುದಿಲ್ಲ. ಇಡೀ ಗಡಿಯಾರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಆಲೋಚನೆ ಇದು.

ಇದನ್ನು ಕಣ್ಣು ತಾನಾಗಿ ಓದುವಂತಾಗಬೇಕು. ಶೆಡ್ಡಿನಲ್ಲಿ ಸಿಲಿಂಡರನ್ನು ಒತ್ತಡದಲ್ಲಿ ಹತ್ತು ನಿಮಿಷ ಹಿಡಿದು ಸೋರಿಕೆ ನೋಡುವಾಗ ನಾನು ಬೆಜೆಲ್ ಬಿಟ್ಟು ಬೇರೇನೂ ಬಳಸುವುದಿಲ್ಲ. ನೀವು ಅನ್ನಕ್ಕಿಟ್ಟಾಗ, ಬಸ್ಸಿಗೆ ಕಾಯುವಾಗ ಬಳಸಿ. ಆಮೇಲೆ ಗೋವಾವೇಸ್‌ನ ಈಜುಕೊಳದಲ್ಲಾಗಲಿ ನಿಮ್ಮೂರ ಕೊಳದಲ್ಲಾಗಲಿ, ಒದ್ದೆ ಕೈಯಿಂದ ತಿರುಗಿಸಿ ನೋಡಿ. ಜಾರುತ್ತದೆಯೇ, ಹಲ್ಲು ಹಲ್ಲಾಗಿ ನಿಲ್ಲುತ್ತದೆಯೇ ಎಂಬುದು ಅಲ್ಲೇ ಗೊತ್ತಾಗಲಿ.

ಯಂತ್ರದ ನಿಖರತೆಯ ಬಗ್ಗೆ ಚಿಂತೆ ಬೇಡ. ದಿನಕ್ಕೆ 45 ಸೆಕೆಂಡು ಮುಂದೆ ಓಡುವ ಗಡಿಯಾರವೂ ಒಂದು ಗಂಟೆಯ ಡೈವ್‌ನಲ್ಲಿ ಎರಡು ಸೆಕೆಂಡು ತಪ್ಪುವುದಿಲ್ಲ. ನಿಂತುಹೋಗುವುದು ಮಾತ್ರ ಆಗಬಾರದು. ಕೈಯ ಚಲನೆಯಿಂದ ತಾನಾಗಿ ಕೀಲಿ ಸುತ್ತಿಕೊಳ್ಳುವ ಯಂತ್ರಗಳು ಬಿಚ್ಚಿಟ್ಟ ಮೇಲೆ ಸಾಮಾನ್ಯವಾಗಿ 40 ಗಂಟೆ ಓಡುತ್ತವೆ. ವಾರವಿಡೀ ಕಪಾಟಿನಲ್ಲಿದ್ದದ್ದನ್ನು ಹೊರಡುವ ಹಿಂದಿನ ರಾತ್ರಿಯೇ ಇಪ್ಪತ್ತು ಮೂವತ್ತು ಸುತ್ತು ಕೀಲಿ ಕೊಟ್ಟು, ಸಮಯ ಹೊಂದಿಸಿ, ಕ್ರೌನ್ ಬಿಗಿ ಮಾಡಿ. ದೋಣಿಯಲ್ಲಿ, ಉಪ್ಪುನೀರಿನ ತುಂತುರಿನ ನಡುವೆ ಕ್ರೌನ್ ಬಿಚ್ಚುವ ಪ್ರಸಂಗ ಬರಬಾರದು.

ದೋಣಿಯಿಂದ ನೀರಿಗೆ

ಬಾಡಿಗೆ ಸಲಕರಣೆಯಲ್ಲಿ ಆಳದ ಮಾಪಕವೂ ಇದೆಯೇ ಎಂದು ಮೊದಲೇ ನೋಡಿ. ಕೆಲವು ಸೆಟ್ಟುಗಳಲ್ಲಿ ಸಿಲಿಂಡರಿನ ಒತ್ತಡ ತೋರಿಸುವ ಮಾಪಕ ಒಂದೇ ಇರುತ್ತದೆ. ಆಳ ಗೊತ್ತಿಲ್ಲದೆ ನಿಮಿಷ ಮಾತ್ರ ಗೊತ್ತಿದ್ದರೆ ಪ್ರಯೋಜನವಿಲ್ಲ. ಕ್ರೌನ್ ಮೇಲೆ ಬೆರಳಾಡಿಸಿ ಬಿಗಿ ಇದೆಯೇ ಎಂದು ನೋಡಿ. ಹೊಳೆಯುವ ಗುರುತುಗಳು ಬೆಳಕು ಕುಡಿಯಲಿ, ಕೆಲವು ನಿಮಿಷದ ಬಿಸಿಲು ಸಾಕು.

ತ್ರಿಕೋನವನ್ನು ನಿಮಿಷದ ಮುಳ್ಳಿಗೆ ತರಬೇಕಾದದ್ದು ಇಳಿಯಲು ಶುರು ಮಾಡುವ ಕ್ಷಣದಲ್ಲಿ. ದೋಣಿಯಿಂದ ಹಾರುವಾಗ ಅಲ್ಲ, ತಳ ಮುಟ್ಟಿದಾಗಲೂ ಅಲ್ಲ. ಕೋಷ್ಟಕಗಳ ಲೆಕ್ಕದಲ್ಲಿ ಬಾಟಮ್ ಟೈಮ್ ಎಂದರೆ ಇಳಿಯಲು ಹೊರಟಾಗಿನಿಂದ ನೇರವಾಗಿ ಮೇಲೇರಲು ಹೊರಡುವವರೆಗೆ. ಡೈವಿಂಗ್ ತರಬೇತಿ ಕೊಡುವ ಪಾಡಿ ಸಂಸ್ಥೆಯ ಕೋಷ್ಟಕದಲ್ಲಿ, ಸಾರಜನಕ ಹೊರಹೋಗಲೆಂದು ನಡುವೆ ಕಡ್ಡಾಯವಾಗಿ ನಿಲ್ಲದೆ ಮೇಲೆ ಬರಬಹುದಾದ ಮಿತಿ 12 ಮೀಟರಿಗೆ 147 ನಿಮಿಷ, 18 ಮೀಟರಿಗೆ 56, 30 ಮೀಟರಿಗೆ 20. ಕೋಷ್ಟಕ ಓದುವಾಗ ನೀವು ಮುಟ್ಟಿದ ಅತಿ ಹೆಚ್ಚಿನ ಆಳದಲ್ಲೇ ಇಡೀ ಸಮಯ ಕಳೆದಿರಿ ಎಂದು ಎಣಿಸಬೇಕು. ಕಂಪ್ಯೂಟರ್ ಇಷ್ಟು ಬಿಗಿಯಾಗಿ ಎಣಿಸುವುದಿಲ್ಲ, ಆದ್ದರಿಂದ ಅದು ಹೆಚ್ಚು ಸಮಯ ಕೊಡುತ್ತದೆ. ಕಂಪ್ಯೂಟರ್ ಕೊಟ್ಟ ಸಮಯ ಮುಗಿಯುವವರೆಗೂ ಕಾಯದೆ ಗಡಿಯಾರ ಮತ್ತು ಕೋಷ್ಟಕದ ಮಿತಿಯೊಳಗೇ ಇರುವುದು ನನ್ನ ಪದ್ಧತಿ. ಹಾಗಿದ್ದರೆ ಮಾತ್ರ ಕಂಪ್ಯೂಟರ್ ಆರಿಹೋದ ಕ್ಷಣದಲ್ಲಿ ನಿಮ್ಮ ಕೈಯಲ್ಲಿ ನಿಜವಾದ ಲೆಕ್ಕ ಇರುತ್ತದೆ.

ಹತ್ತನೆಯ ನಿಮಿಷಕ್ಕೆ ಗಾಳಿಯ ಮಾಪಕ ನೋಡಿ. ಇದಕ್ಕೆ ಗಡಿಯಾರದಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 15 ಮೀಟರಿನಲ್ಲಿ, ಒತ್ತಡ ಎರಡೂವರೆ ಪಟ್ಟಾದ್ದರಿಂದ, 50 ಲೀಟರ್ ಬಳಸುತ್ತಾರೆ. ಹತ್ತು ನಿಮಿಷಕ್ಕೆ 500 ಲೀಟರ್. ಸಾಮಾನ್ಯವಾಗಿ ಕೊಡುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಮುಳ್ಳು ಸುಮಾರು 45 ಬಾರ್ ಇಳಿಯಬೇಕು. ಎಪ್ಪತ್ತು ಇಳಿದಿದ್ದರೆ ನೀವು ಏದುಸಿರು ಬಿಡುತ್ತಿದ್ದೀರಿ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡರಲ್ಲಿ ಯಾವುದಾದರೂ ಜೊತೆಗಾರರಿಗೆ ಆಗಲೇ ಸನ್ನೆ ಮಾಡಬೇಕು.

ಕಂಪ್ಯೂಟರ್ ಆರಿಹೋದರೆ

ಡೈವ್ ಮುಗಿಯಿತು. ಜೊತೆಗಾರರಿಗೆ ತೋರಿಸಿ ಮೇಲೇರಲು ಹೊರಡಿ. ಅವರ ಕಂಪ್ಯೂಟರ್ ನೋಡಿಕೊಂಡು ಮುಂದುವರಿಯಬೇಡಿ. ಅವರು ಇದ್ದ ಆಳ, ಅವರ ಹಿಂದಿನ ಡೈವ್ ನಿಮ್ಮದಲ್ಲ. ಏರುವ ವೇಗ ನಿಮಿಷಕ್ಕೆ 9 ಮೀಟರ್ ಮೀರಬಾರದು. ಸೆಕೆಂಡಿನ ಮುಳ್ಳು ಡಯಲ್‌ನ ಮೂರನೇ ಒಂದು ಭಾಗ ಸಾಗುವಷ್ಟರಲ್ಲಿ, ಅಂದರೆ 20 ಸೆಕೆಂಡಿನಲ್ಲಿ, ಆಳದ ಮಾಪಕ 3 ಮೀಟರಿಗಿಂತ ಹೆಚ್ಚು ಇಳಿಯಬಾರದು. ಮುನ್ನೆಚ್ಚರಿಕೆಗಾಗಿ 5 ಮೀಟರಿನಲ್ಲಿ ನಿಂತು ಬೆಜೆಲ್ ಮತ್ತೆ ಹೊಂದಿಸಿ ಮೂರು ನಿಮಿಷ ಎಣಿಸಿ. ಗಾಳಿ ಸಾಕಷ್ಟಿದ್ದರೆ ಐದು ನಿಮಿಷ ನಿಲ್ಲಿ. ಆ ದಿನ ಮತ್ತೆ ಇಳಿಯುವುದು ಬೇಡ, 24 ಗಂಟೆ ಬಿಡಿ.

ಘಟ್ಟ ಹತ್ತುವ ಮುನ್ನ

ನಮ್ಮ ಕಡೆಯವರು ಮರೆಯುವುದು ಇದನ್ನೇ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 2,487 ಅಡಿ ಎತ್ತರದಲ್ಲಿದೆ. ಹುಬ್ಬಳ್ಳಿಯೂ 2,000 ಅಡಿ ಮೀರಿದೆ, ಬಾಗಲಕೋಟೆ ವಿಜಯಪುರಕ್ಕೆ ಹೋಗುವವರೂ ಅದನ್ನು ದಾಟುತ್ತಾರೆ. ಡೈವ್ ಮಾಡಿ ಎತ್ತರಕ್ಕೆ ಹೋದರೆ ಸುತ್ತಲಿನ ಒತ್ತಡ ಇಳಿದು ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಯಾಗಬಹುದು. ಡೈವರ್‌ಗಳ ಸುರಕ್ಷತೆ ನೋಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ವಿಮಾನ ಹತ್ತುವವರಿಗಾಗಿ ಕೊಟ್ಟ ಸೂಚನೆ 2,000ದಿಂದ 8,000 ಅಡಿಯ ಒತ್ತಡಕ್ಕೆ ಅನ್ವಯಿಸುತ್ತದೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್‌ಗಳಾದರೆ ಕನಿಷ್ಠ 18 ಗಂಟೆ ಕಾಯಬೇಕು. ವಿಮಾನವೋ ಚೋರ್ಲಾ ಘಾಟಿನ ಕಾರೋ ಎಂಬ ಭೇದ ರಕ್ತಕ್ಕೆ ಗೊತ್ತಾಗುವುದಿಲ್ಲ. ಮಧ್ಯಾಹ್ನ ಎರಡು ಡೈವ್ ಮುಗಿಸಿ ಸಂಜೆಯೇ ಊರು ಸೇರುವ ಯೋಜನೆ ಬಿಡಿ. ಒಂದು ರಾತ್ರಿ ಕಡಲ ತಡಿಯಲ್ಲೇ ತಂಗಿ.

ಕಾಯುವುದನ್ನು ಎಣಿಸಲು ಬೆಜೆಲ್‌ಗೆ ಇನ್ನೊಂದು ಬಳಕೆಯಿದೆ. ಕೊನೆಯ ಡೈವ್‌ನಿಂದ ಮೇಲೆ ಬಂದ ಕೂಡಲೇ ತ್ರಿಕೋನವನ್ನು ಗಂಟೆಯ ಮುಳ್ಳಿಗೆ ಹೊಂದಿಸಿ, ಆಮೇಲೆ ಮುಟ್ಟಬೇಡಿ. ಆ ಮುಳ್ಳು ಒಂದು ಸುತ್ತು ಹಾಕಿ ತ್ರಿಕೋನಕ್ಕೆ ಮರಳಿದಾಗ 12 ಗಂಟೆ. ಅಲ್ಲಿಂದ ಅರ್ಧ ಸುತ್ತು ಸಾಗಿ ಬೆಜೆಲ್‌ನ 30ರ ಗುರುತಿಗೆ ಬಂದಾಗ 18. ಬೆಳಿಗ್ಗೆ 11.40ಕ್ಕೆ ಮೇಲೆ ಬಂದವರು ಮರುದಿನ ಬೆಳಿಗ್ಗೆ 5.40ರ ನಂತರ ಘಟ್ಟ ಹತ್ತಬಹುದು. ಕೀಲು ನೋವು, ಜೋಮು, ವಿಪರೀತ ದಣಿವು ಕಂಡರೆ ಘಟ್ಟದ ಮಾತೇ ಬೇಡ. ಆಮ್ಲಜನಕ ಕೊಡಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಆಲಮಟ್ಟಿ, ಹಿಡಕಲ್ ಜಲಾಶಯಗಳಲ್ಲಿ ಇಳಿಯಬಹುದೇ ಎಂದು ಕೇಳುವವರಿಗೂ ಇದೇ ಎತ್ತರದ ಮಾತು ಅನ್ವಯಿಸುತ್ತದೆ. ಆಲಮಟ್ಟಿಯ ಪೂರ್ಣ ಮಟ್ಟ 519.6 ಮೀಟರ್. 300 ಮೀಟರ್ ಮೀರಿದ ಕಡೆ ಸಮುದ್ರಮಟ್ಟದ ಕೋಷ್ಟಕ ಹಾಗೆಯೇ ಬಳಸುವಂತಿಲ್ಲ. ಅಲ್ಲಿಗೆ ಅನುಮತಿ, ತರಬೇತಿ ಎರಡೂ ಬೇರೆಯೇ ಬೇಕು.

ತೊಳೆಯುವುದು

ದೋಣಿಯಿಂದಿಳಿದ ದಿನವೇ ಗಡಿಯಾರವನ್ನು ಸಿಹಿನೀರಿನಲ್ಲಿ ಹತ್ತು ನಿಮಿಷ ನೆನೆಸಿ. ಕ್ರೌನ್ ಬಿಗಿಯಾಗಿಯೇ ಇರಲಿ. ನೀರೊಳಗೇ ಬೆಜೆಲನ್ನು ಕೆಲವು ಸುತ್ತು ತಿರುಗಿಸಿ, ಅದರ ಕೆಳಗೆ ಕೂತ ಉಪ್ಪು ಮರಳು ಹೊರಬರಲಿ. ಬಿಸಿನೀರು, ಸೋಪು ಬೇಡ. ಊರಿಗೆ ಬಂದ ಮೇಲೆ ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೆಯೇ ಒಣಗಿಸಿದರೆ ಬೆಜೆಲ್ ಸಂದಿಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಗಡಸು ನೀರಿನ ವಿಜಯಪುರ ಕಡೆ ಇದು ಬೇಗ ಆಗುತ್ತದೆ. ಕೊನೆಯ ಜಾಲಾಡಿಕೆಗೆ ಶುದ್ಧ ನೀರಿನ ಘಟಕದಿಂದ ತಂದ ಒಂದು ತಂಬಿಗೆ ನೀರು ಬಳಸಿ, ಮೆತ್ತಗಿನ ಹತ್ತಿ ಬಟ್ಟೆಯಿಂದ ಒರೆಸಿ.

ಒಳಗೆ ಮಂಜು ಕಂಡರೆ ಬಿಸಿಲಿಗಿಟ್ಟು ಒಣಗಿಸಲು ಹೋಗಬೇಡಿ. ಉಪ್ಪುನೀರು ಹೊಕ್ಕ ಯಂತ್ರಕ್ಕೆ ದಿನವೊಪ್ಪತ್ತಿನಲ್ಲೇ ತುಕ್ಕು ಹಿಡಿಯತೊಡಗುತ್ತದೆ. ಅದೇ ದಿನ, ಆಗದಿದ್ದರೆ ಮರುದಿನ ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ರಿಪೇರಿಯವರ ಕೈಗೆ ಕೊಡಿ, ಹೊಕ್ಕಿರುವುದು ಸಮುದ್ರದ ನೀರು ಎಂದು ಹೇಳಿಯೇ ಕೊಡಿ.